ಹಳೆ ಕಾಂಟೆಸ್ಸಾಗೆ ‘ಫ್ರೀ ಫ್ಲೋ’ ಸೈಲೆನ್ಸರ್ ಹಾಕಿಸಿದರೆ ಪವರ್ ಹೆಚ್ಚುತ್ತದೆಯೇ?

‘ಸೈಲೆನ್ಸರ್ ಕಿತ್ತು ದಪ್ಪ ಪೈಪ್ ಹಾಕಿಸಿ, ಹಳೆ ಕಾರಿನ ಪವರ್ ತಕ್ಷಣ ಹೆಚ್ಚುತ್ತೆ. ಸದ್ದು ಅಮೆರಿಕದ ಮಸಲ್ ಕಾರ್ ಥರಾನೇ ಬರುತ್ತೆ.’ ಹಳೆ ಗಾಡಿ ಪ್ರಿಯರ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಇಂಥ ಫಾರ್ವರ್ಡ್‌ಗಳು ಸುತ್ತುತ್ತಲೇ ಇರುತ್ತವೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಎಂಜಿನ್‌ಗೆ ಬ್ಯಾಕ್ ಪ್ರೆಶರ್ ಬೇಕೇ ಬೇಕು, ಇಲ್ಲದಿದ್ದರೆ ವಾಲ್ವ್ ಸುಟ್ಟುಹೋಗುತ್ತೆ.’ ಎರಡರಲ್ಲೂ ಒಂದು ಚೂರು ನಿಜವಿದೆ. ಆದರೆ ಎರಡನ್ನೂ ನಂಬಿ ಗ್ಯಾರೇಜಿಗೆ ಹೋದರೆ ದುಡ್ಡು ಹೋಗುತ್ತದೆ, ಕೆಲವೊಮ್ಮೆ ದುಡ್ಡಿಗಿಂತ ದೊಡ್ಡದೂ ಹೋಗಬಹುದು.

ನಾವು ಈ ವಿಷಯ ಕೈಗೆತ್ತಿಕೊಂಡಿದ್ದು ಹರಿಹರದ ಪರಿಚಿತರೊಬ್ಬರಿಂದಾಗಿ. ಅವರು ಹಳೆಯ ಕಾಂಟೆಸ್ಸಾ ಒಂದನ್ನು ಎರಡು ವರ್ಷದಿಂದ ರಿಪೇರಿ ಮಾಡಿಸುತ್ತಿದ್ದರು. ಬಣ್ಣ, ಸೀಟು ಎಲ್ಲ ಮುಗಿದ ಮೇಲೆ ಸೈಲೆನ್ಸರ್ ಕೊಳೆತಿದ್ದು ಕಂಡು, ರೀಲ್ಸ್ ನೋಡಿ ದಪ್ಪ ಪೈಪ್ ಹಾಕಿಸಿದರು. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಕೊಂಡಜ್ಜಿ ಕೆರೆಗೆ ಹೊರಟರು. ಹಿಂದಿನ ಸೀಟಿನಲ್ಲಿದ್ದ ಇಬ್ಬರು ಮಕ್ಕಳಿಗೂ ತಲೆನೋವು, ವಾಕರಿಕೆ. ಕೆರೆ ಏರಿ ಮೇಲೆ ಇಳಿದು ಗಾಳಿಗೆ ನಿಂತ ಸ್ವಲ್ಪ ಹೊತ್ತಿಗೆ ಸರಿಹೋದರು. ವಾಪಸ್ ಬರುವಾಗ ಮತ್ತೆ ಅದೇ. ‘ಹಳೆ ಕಾರಲ್ವಾ, ಪೆಟ್ರೋಲ್ ವಾಸನೆ ಆಗಿಬರಲಿಲ್ಲ’ ಅಂದುಕೊಂಡು ಸುಮ್ಮನಾದರಂತೆ. ಕಾರಣ ವಾಸನೆ ಇರಲಿಕ್ಕಿಲ್ಲ. ಅದಕ್ಕೆ ಮುಂದೆ ಬರುತ್ತೇವೆ, ಮೊದಲು ಪವರ್ ವಿಚಾರ.

ಸೈಲೆನ್ಸರ್ ಪವರ್ ತಿನ್ನುತ್ತದೆಯೇ?

ಕಾಂಟೆಸ್ಸಾವನ್ನು ‘ಭಾರತದ ಮಸಲ್ ಕಾರ್’ ಎಂದು ಕರೆಯುವುದುಂಟು. ಉದ್ದನೆಯ ಬಾನೆಟ್, ಅಗಲದ ಮೈ ನೋಡಿದರೆ ಹೆಸರು ಒಪ್ಪುತ್ತದೆ. ಬಾನೆಟ್ ಎತ್ತಿದರೆ ಕಥೆ ಬೇರೆ. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರಿನ ವಿನ್ಯಾಸ ತಂದು ಹಿಂದೂಸ್ತಾನ್ ಮೋಟಾರ್ಸ್ ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ 1984ರಿಂದ 2002ರವರೆಗೆ ಇದನ್ನು ತಯಾರಿಸಿತು. ಆರಂಭದಲ್ಲಿದ್ದದ್ದು ಅಂಬಾಸಿಡರ್‌ನ 1.5 ಲೀಟರ್ ಎಂಜಿನ್, ಸುಮಾರು 50 ಹಾರ್ಸ್‌ಪವರ್. ಆಮೇಲೆ ಬಂದ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲಿ ಅದು 85ರ ಆಸುಪಾಸು. ನೀವು ರೀಲ್ಸ್‌ನಲ್ಲಿ ನೋಡುವ ಅಮೆರಿಕದ ಕಾರಿನಲ್ಲಿ 5.7 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ ಇರುತ್ತದೆ. ಎರಡೂವರೆ ಇಂಚಿನ ಎರಡು ಪೈಪ್ ಅದಕ್ಕೆ ಬೇಕು, ಏಕೆಂದರೆ ಅದು ಉಗುಳುವ ಹೊಗೆಯೇ ಅಷ್ಟು. ಕಾಂಟೆಸ್ಸಾಗೆ ಒಂದೂವರೆಯಿಂದ ಒಂದೂಮುಕ್ಕಾಲು ಇಂಚಿನ ಒಂದೇ ಪೈಪ್ ಧಾರಾಳ ಸಾಕು.

ದಪ್ಪ ಪೈಪ್ ಹಾಕಿದರೆ ನಷ್ಟವೇನು? ಎಂಜಿನ್ನಿನಿಂದ ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಹರಿಯುವುದಿಲ್ಲ. ಒಂದೊಂದು ಸಿಲಿಂಡರ್‌ನ ವಾಲ್ವ್ ತೆರೆದಾಗಲೂ ಒಂದೊಂದು ತಳ್ಳು ಬರುತ್ತದೆ. ಬಿರುಸಾಗಿ ಹೋಗುವ ಪ್ರತಿ ತಳ್ಳಿನ ಹಿಂದೆ ಕಡಿಮೆ ಒತ್ತಡದ ಜಾಗ ಉಂಟಾಗುತ್ತದೆ. ವೇಗವಾಗಿ ಹೋದ ಲಾರಿಯ ಹಿಂದೆ ರಸ್ತೆಯ ಕಾಗದ ಎದ್ದು ಓಡುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ಆ ಸೆಳೆತ ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನೂ ಎಳೆದು ಹಾಕುತ್ತದೆ, ಹೊಸ ಪೆಟ್ರೋಲ್-ಗಾಳಿ ಮಿಶ್ರಣಕ್ಕೆ ಜಾಗ ಸಿಗುತ್ತದೆ. ಪೈಪ್ ಅತಿ ದಪ್ಪವಾದರೆ ಹೊಗೆಯ ವೇಗ ಬಿದ್ದುಹೋಗಿ ಈ ಸೆಳೆತ ಕುಂದುತ್ತದೆ. ಪರಿಣಾಮ ಕಾಣುವುದು ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ನಾವು ದಿನಾ ಓಡಿಸುವ ಕಡೆಯಲ್ಲೇ. ಸಿಗ್ನಲ್‌ನಿಂದ ಎತ್ತುವಾಗ, ಏರು ಹತ್ತುವಾಗ ಪಿಕಪ್ ಸೊರಗುತ್ತದೆ. ಸದ್ದು ಜೋರಾಗಿರುವುದರಿಂದ ಕಾರು ಚುರುಕಾದಂತೆ ಕಿವಿಗೆ ಭಾಸವಾಗುತ್ತದೆ, ಅಷ್ಟೇ.

ಹಾಗಾದರೆ ‘ಬ್ಯಾಕ್ ಪ್ರೆಶರ್ ಬೇಕು’ ಎನ್ನುವುದು ನಿಜವೇ? ಇಲ್ಲ. ಹೊಗೆಗೆ ಅಡ್ಡಿಯಾಗುವ ಒತ್ತಡದಿಂದ ಯಾವ ನಾಲ್ಕು ಸ್ಟ್ರೋಕ್ ಎಂಜಿನ್‌ಗೂ ಲಾಭವಿಲ್ಲ. ಬೇಕಾದದ್ದು ಹೊಗೆಯ ವೇಗ. ತೆಳು ಪೈಪಿನಲ್ಲಿ ವೇಗವೂ ಇರುತ್ತದೆ, ಸ್ವಲ್ಪ ಬ್ಯಾಕ್ ಪ್ರೆಶರ್ ಕೂಡ ಇರುತ್ತದೆ. ಎರಡನ್ನೂ ಒಟ್ಟಿಗೆ ಕಂಡವರು ಕ್ರೆಡಿಟ್ಟನ್ನು ತಪ್ಪಾದವರಿಗೆ ಕೊಟ್ಟಿದ್ದಾರೆ. ವಾಲ್ವ್ ಸುಡುವ ಮಾತಿಗೂ ಹೀಗೇ ಒಂದು ಹಿನ್ನೆಲೆ ಇದೆ. ಕಾರ್ಬೊರೇಟರ್ ಇರುವ ಹಳೆ ಎಂಜಿನ್‌ನಲ್ಲಿ ಹೊಗೆಯ ದಾರಿ ಬದಲಾದರೆ ಒಳಗೆ ಬರುವ ಗಾಳಿಯ ಪ್ರಮಾಣವೂ ಬದಲಾಗುತ್ತದೆ. ಜೆಟ್ ಹಳೆಯದೇ ಉಳಿದರೆ ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿಯಾಗಿ ಎಂಜಿನ್ ಅತಿಯಾಗಿ ಬಿಸಿಯಾಗಬಹುದು. ಅಪಾಯ ಅಲ್ಲಿದೆ. ಆದ್ದರಿಂದ ಪೈಪ್ ಬದಲಿಸಿದ ಮೇಲೆ ಕಾರ್ಬೊರೇಟರ್ ಟ್ಯೂನ್ ಮಾಡಿಸುವುದು ಆ ಕೆಲಸದ ಭಾಗವೇ.

ಎಂಟು ಸಿಲಿಂಡರ್‌ನ ಸದ್ದು?

ಬರುವುದಿಲ್ಲ. ಅಮೆರಿಕದ ವಿ8 ಎಂಜಿನ್‌ನಲ್ಲಿ ಒಂದೊಂದು ಬದಿಯ ನಾಲ್ಕು ಸಿಲಿಂಡರ್‌ಗಳು ಸಮ ಅಂತರದಲ್ಲಿ ಉರಿಯುವುದಿಲ್ಲ. ತಾಳ ತಪ್ಪಿದ ಆ ತಳ್ಳುಗಳೇ ಅದರ ‘ಗುಡುಗುಡು’. ಕಾಂಟೆಸ್ಸಾದ ನಾಲ್ಕು ಸಿಲಿಂಡರ್‌ಗಳು ಒಂದಾದ ಮೇಲೊಂದು ಸರಿಸಮ ಅಂತರದಲ್ಲಿ ಉರಿಯುತ್ತವೆ. ಯಾವ ಪೈಪ್ ಹಾಕಿದರೂ ಆ ತಾಳ ಬದಲಾಗದು, ಬರೀ ದೊಡ್ಡದಾಗಿ ಕೇಳುತ್ತದೆ. ಹಿಂದೆ ಎರಡು ಬಾಯಿ ಇಡಿಸುವುದೂ ಅಲಂಕಾರವೇ.

ಯೆಜ್ಡಿಗೆ ಎರಡು ಸೈಲೆನ್ಸರ್ ಇತ್ತಲ್ಲ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಆ 250 ಸಿಸಿ ಬೈಕಿನಲ್ಲಿ ಸಿಲಿಂಡರ್ ಒಂದೇ, ಹೊಗೆ ಹೋಗುವ ಕಿಂಡಿ ಎರಡು, ಅದಕ್ಕೇ ಎರಡು ಪೈಪ್. ಅಲ್ಲಿ ನಿಯಮವೇ ಬೇರೆ. ಎರಡು ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆ ಹೋಗುವಾಗ ಅದರ ಜೊತೆ ಹೊಸ ಮಿಶ್ರಣವೂ ಒಂದಿಷ್ಟು ಜಾರಿ ಹೋಗುತ್ತದೆ. ಸೈಲೆನ್ಸರ್‌ನ ಆಕಾರದಿಂದ ಮರಳಿ ಬರುವ ಒತ್ತಡದ ಅಲೆ ಅದನ್ನು ವಾಪಸ್ ಒಳಕ್ಕೆ ತಳ್ಳುತ್ತದೆ. ಅಂದರೆ ಅಲ್ಲಿ ಸೈಲೆನ್ಸರ್ ಎಂಜಿನ್ನಿನ ಒಂದು ಭಾಗ. ಯೆಜ್ಡಿ, ಆರ್‌ಎಕ್ಸ್ 100ರ ಸೈಲೆನ್ಸರ್ ಒಳಗಿನ ನಳಿಕೆ ಕಿತ್ತೆಸೆದು ‘ಈಗ ಉಸಿರಾಡ್ತದೆ’ ಎನ್ನುವವರು ಪೆಟ್ರೋಲನ್ನು ಹೊಗೆಯ ಜೊತೆ ಹೊರಗೆ ಬಿಡುತ್ತಿರುತ್ತಾರೆ. ಅಲ್ಲಿ ನಿಜಕ್ಕೂ ಬೇಕಾದದ್ದು, ನಳಿಕೆಗೆ ಕಟ್ಟಿಕೊಂಡ ಎಣ್ಣೆ ಮಸಿಯನ್ನು ಆಗಾಗ ತೆಗೆಸುವುದು.

ಕಾಣದ ಅಪಾಯ

ಈಗ ಆ ಮಕ್ಕಳ ತಲೆನೋವಿಗೆ ಬರೋಣ. ಹೊಸ ಪೈಪ್ ಹಾಕಿದ ಗ್ಯಾರೇಜಿನವರು ಖರ್ಚು ಉಳಿಸಲು ಅದನ್ನು ಹಿಂದಿನ ಸೀಟಿನ ಕೆಳಗೇ ಮುಗಿಸಿದ್ದರು. ಮೂಲ ಕಾರಿನಲ್ಲಿ ಪೈಪ್ ಹಿಂದಿನ ಬಂಪರ್ ದಾಟಿ ಹೊರಗೆ ಬಂದಿರುತ್ತದೆ, ಅದು ಅಂದಕ್ಕಾಗಿ ಅಲ್ಲ. ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ಹೊರಗಿನ ಗಾಳಿಗೆ ಬಂದರೆ ಕಮ್ಮಿಯಾಗಿ, ಕಾರಿನೊಳಗೆ ಕೂತರೆ ಮತ್ತೆ ಶುರುವಾಗುವ ತಲೆನೋವು ಇದರ ಒಂದು ಸುಳಿವು. ಹಾಗಾದರೆ ಕಾರು ನಿಲ್ಲಿಸಿ ಇಳಿಯಿರಿ, ಡಾಕ್ಟರ್ ಹತ್ತಿರ ‘ಕಾರಿನ ಹೊಗೆ ಇರಬಹುದು’ ಎಂದು ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಪಿತ್ತ ಎಂದೋ ಗ್ಯಾಸ್ ಎಂದೋ ಮಾತ್ರೆ ಸಿಗುತ್ತದೆ.

ಹಳೆ ಕಾರಿನಲ್ಲಿ ಈ ಅಪಾಯ ಎರಡು ಕಾರಣಕ್ಕೆ ಹೆಚ್ಚು. ಒಂದು, ನೆಲದ ತಗಡು ತುಕ್ಕು ಹಿಡಿದು ತೂತಾಗಿರುತ್ತದೆ, ಮ್ಯಾಟ್ ಕೆಳಗೆ ಕಾಣುವುದಿಲ್ಲ. ಎರಡು, ಎಂಬತ್ತರ ದಶಕದ ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. 2000ಕ್ಕೂ ಮುಂಚಿನ ಪೆಟ್ರೋಲ್ ಕಾರಿಗೆ ಎಮಿಷನ್ ಟೆಸ್ಟ್‌ನಲ್ಲಿ ಶೇ 3ರಷ್ಟು ಕಾರ್ಬನ್ ಮೊನಾಕ್ಸೈಡ್‌ವರೆಗೆ ಪಾಸ್ ಕೊಡುವುದೇ ಅದಕ್ಕೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಹರಿದಿದ್ದರೂ ಹೊಗೆ ಒಳಗೆ ಬರುತ್ತದೆ, ಓಡುವ ಕಾರಿನ ಹಿಂಬದಿಯಲ್ಲಿ ಗಾಳಿ ಸುತ್ತಿ ಒಳಕ್ಕೆ ಸೆಳೆಯುತ್ತದೆ. ಡಿಕ್ಕಿ ತೆರೆದುಕೊಂಡು ಸಾಮಾನು ಸಾಗಿಸುವುದು, ಬಾಗಿಲು ಹಾಕಿದ ಶೆಡ್‌ನಲ್ಲಿ ಎಂಜಿನ್ ಚಾಲೂ ಇಟ್ಟು ಸದ್ದು ಕೇಳುವುದು, ಇವೆರಡೂ ಬೇಡವೇ ಬೇಡ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮದ ಪ್ರಕಾರ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯ. ಶಬ್ದ ಅಥವಾ ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಅಡಿ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ‘ಹಳೆ ಗಾಡಿಗೆ ಈ ರೂಲ್ಸ್ ಇಲ್ಲ’ ಎಂಬ ಫಾರ್ವರ್ಡ್ ಸುಳ್ಳು. ಹಳೆ ಗಾಡಿಗೆ ಇನ್ನೊಂದು ಪರೀಕ್ಷೆಯೂ ಇದೆ: 15 ವರ್ಷ ದಾಟಿದ ಸ್ವಂತ ಕಾರಿನ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಗಾಡಿಯನ್ನು ಆರ್‌ಟಿಒ ತಪಾಸಣೆಗೆ ಒಯ್ಯಲೇಬೇಕು. ಪೊಲೀಸರು ರೋಡ್ ರೋಲರ್ ಹತ್ತಿಸಿ ಸೈಲೆನ್ಸರ್ ಅಪ್ಪಚ್ಚಿ ಮಾಡುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಆ ಫಾರ್ವರ್ಡ್‌ಗಳು ಮಾತ್ರ ಬಹುಪಾಲು ನಿಜ.

ಹಾಗಾದರೆ ಯಾವುದನ್ನು ಹಾಕಿಸುವುದು?

ನಮ್ಮ ಅಭಿಪ್ರಾಯ ಸರಳ: ಮೂಲ ಅಳತೆಯ ಪೈಪ್, ಒಳಗೆ ತಡೆಗೋಡೆಗಳಿರುವ ಮೂಲ ಮಾದರಿಯ ಸೈಲೆನ್ಸರ್, ಬಂಪರ್ ದಾಟಿ ಹೊರಬರುವ ಬಾಲ. ಮೂಲದ್ದು ಸಿಗದಿದ್ದರೆ ಹೆಚ್ಚುಕಡಿಮೆ ಅದೇ ಸಾಮರ್ಥ್ಯದ ಎಂಜಿನ್ ಇರುವ ಬೇರೆ ಕಾರಿನ ಸೈಲೆನ್ಸರನ್ನು ಹೊಂದಿಸಬಹುದು. ಸದ್ದು ಸ್ವಲ್ಪ ಗಡಸಾಗಿರಲಿ ಎಂಬ ಆಸೆ ತಪ್ಪಲ್ಲ. ಗಾಜಿನ ಉಣ್ಣೆ ತುಂಬಿದ ನೇರ ನಳಿಕೆಯ ಸೈಲೆನ್ಸರ್‌ಗಳೂ ಇವೆ, ಆದರೆ ಉಣ್ಣೆ ವರ್ಷಗಳಲ್ಲಿ ಸುಟ್ಟು ಉದುರಿ, ಮಿತಿಯೊಳಗಿದ್ದ ಸದ್ದು ಹೊರಗೆ ಹೋಗುತ್ತದೆ. ದುಡ್ಡಿದ್ದರೆ ಅದನ್ನು ಅಗಲಕ್ಕೆ ಹಾಕುವ ಬದಲು ಲೋಹಕ್ಕೆ ಹಾಕಿ. ಮೈಲ್ಡ್ ಸ್ಟೀಲ್ ಬದಲು ಸ್ಟೇನ್‌ಲೆಸ್ ಮಾಡಿಸಿ. ಕಾರಣ ಇಷ್ಟೇ: ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿ ಬರುವ ಪ್ರಾಜೆಕ್ಟ್ ಕಾರಿನ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಆ ನೀರು ಒಳಗೇ ನಿಂತು ತಗಡು ತಿನ್ನುತ್ತದೆ. ಕೆಲವು ಸೈಲೆನ್ಸರ್‌ಗಳ ಅಡಿಯಲ್ಲಿ ಒಂದು ಸಣ್ಣ ತೂತಿರುತ್ತದೆ. ಅದು ನೀರು ಇಳಿಯಲು ಇಟ್ಟದ್ದು, ಲೀಕ್ ಎಂದು ವೆಲ್ಡ್ ಮಾಡಿಸಬೇಡಿ.

ಕೆಲಸ ಮುಗಿದ ಮೇಲೆ ಗ್ಯಾರೇಜಿನಲ್ಲೇ ಒಂದು ಪರೀಕ್ಷೆ ಮಾಡಿಸಿ. ಕಾರು ಬಯಲಲ್ಲಿರಲಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಮೆಕ್ಯಾನಿಕ್ ದಪ್ಪ ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಪೈಪಿನ ಬಾಯನ್ನು ಎರಡು ಮೂರು ಸೆಕೆಂಡ್ ಅದುಮಲಿ. ಎಲ್ಲಾದರೂ ‘ಫುಸ್ ಫುಸ್’ ಕೇಳಿದರೆ ಅಲ್ಲಿ ಲೀಕ್ ಇದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಿಂದ ಹಿಡಿದು ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಚಿಮುಕಿಸಿದರೆ ಗುಳ್ಳೆ ಬಂದ ಕಡೆ ಕಣ್ಣಿಗೇ ಕಾಣುತ್ತದೆ. ಆಮೇಲೆ ಮ್ಯಾಟ್ ಎತ್ತಿ ನೆಲದ ತಗಡು ನೋಡಿ, ಡಿಕ್ಕಿಯ ರಬ್ಬರ್ ನೋಡಿ.

ಹರಿಹರದ ಆ ಕಾಂಟೆಸ್ಸಾದ ದಪ್ಪ ಪೈಪ್ ಈಗ ಅವರ ಹಿತ್ತಿಲಲ್ಲಿ ಬಿದ್ದಿದೆ. ಹಿಂದಿನ ಸೀಟಿನ ಕೆಳಗೆ, ಎಡ ಮೂಲೆಯಲ್ಲಿ, ಎರಡು ರೂಪಾಯಿ ನಾಣ್ಯದಷ್ಟು ತೂತು ಸಿಕ್ಕಿತು. ತಗಡಿನ ತೇಪೆ ಹಾಕಿ, ಪೈಪ್ ಬಂಪರ್‌ನ ಆಚೆಗೆ ತಂದ ಮೇಲೆ ಕೊಂಡಜ್ಜಿಗೆ ಮತ್ತೆ ಹೋಗಿ ಬಂದಿದ್ದಾರೆ. ಕಾರು ಈಗ ಸಪ್ಪೆ ಸದ್ದು ಮಾಡುತ್ತದೆ ಎಂಬುದೊಂದೇ ಮಕ್ಕಳ ದೂರು.