ಹಿಮಾಲಯದ ಕೆಂಪು ಕಲ್ಲುಹೂವು: ಹರ್ಬೇರಿಯಂ ಮಾದರಿಗಳ ಪರಿಶೀಲನೆ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಶಿಲೀಂಧ್ರ ಮತ್ತು ಪಾಚಿ ಒಂದಾಗಿ ಬಾಳುವ ಜೀವರೂಪವೇ ಕಲ್ಲುಹೂವು ಅಥವಾ ಲೈಕೆನ್. ನಮ್ಮ ಅಡುಗೆಯ ಮಸಾಲೆಯಲ್ಲಿ ಬಳಸುವ ಕಲ್ಲುಹೂವು ಸಹ ಇದೇ ವರ್ಗಕ್ಕೆ ಸೇರಿದೆ. ‘ಲೆಥಾರಿಯೆಲ್ಲ ಕ್ಲಡೋನಿಯಾಯ್ಡಿಸ್’ ಎಂಬ ಪ್ರಭೇದವು ಹಿಮಾಲಯ ಹಾಗೂ ನೈರುತ್ಯ ಚೀನಾದ ಎತ್ತರದ ಪರ್ವತಗಳಲ್ಲಿ ಕಿತ್ತಳೆಗೆಂಪು ಬಣ್ಣದ ಸಣ್ಣ ಪೊದೆಯಂತೆ ಬೆಳೆಯುತ್ತದೆ. ಯುನ್ನಾನ್ ಪ್ರಾಂತ್ಯದಲ್ಲಿ ಇದನ್ನೂ ಇದರ ಸಮೀಪದ ಪ್ರಭೇದಗಳನ್ನೂ ಒಣಗಿಸಿ ‘ಕೆಂಪು ಹಿಮದ ಚಹಾ’ ಎಂದು ಮಾರಲಾಗುತ್ತದೆ. ಕಲ್ಲುಹೂವುಗಳ ಬೆಳವಣಿಗೆ ಅತಿ ನಿಧಾನವಾದುದರಿಂದ ಒಮ್ಮೆ ಕಿತ್ತ ಸ್ಥಳದಲ್ಲಿ ಅವು ಮತ್ತೆ ತುಂಬಿಕೊಳ್ಳಲು ಹಲವು ವರ್ಷಗಳು ಬೇಕಾಗುತ್ತವೆ.

2. ಮಾದರಿಗಳ ಮಹತ್ವ

ಈ ಪ್ರಭೇದವನ್ನು 1860ರಲ್ಲಿ ನೈಲಾಂಡರ್ ಅವರು ‘ಕ್ಲೋರಿಯ’ ಕುಲದಲ್ಲಿ ವರ್ಣಿಸಿದರು. 1976ರಲ್ಲಿ ಹಿಲ್ಡರ್ ಕ್ರೋಗ್ ಅವರು ‘ಲೆಥಾರಿಯೆಲ್ಲ’ ಎಂಬ ಹೊಸ ಕುಲವನ್ನು ಸ್ಥಾಪಿಸಿ ಅದರಲ್ಲಿ ಸೇರಿಸಿದರು. ಹೆಸರು ಬದಲಾದರೂ ಮಾದರಿ ಬದಲಾಗುವುದಿಲ್ಲ. ಸಂಗ್ರಹಿಸಿದ ಸ್ಥಳ, ಸಮುದ್ರಮಟ್ಟದಿಂದ ಎತ್ತರ, ಆಶ್ರಯಿಸಿದ ಮರ ಅಥವಾ ಶಿಲೆ, ದಿನಾಂಕ, ಸಂಗ್ರಾಹಕರ ಹೆಸರು ಮತ್ತು ಸಂಖ್ಯೆಯನ್ನು ಒಳಗೊಂಡ ಚೀಟಿಯೇ ಅದರ ದಾಖಲೆ. ಚೀಟಿ ಕಳೆದುಹೋದ ಮಾದರಿಯು ಬಹುಮಟ್ಟಿಗೆ ನಿರುಪಯುಕ್ತವಾಗುತ್ತದೆ.

3. ಸಂಗ್ರಹಗಳು

ಭಾರತದಲ್ಲಿ ಕಲ್ಲುಹೂವುಗಳ ಪ್ರಮುಖ ಸಂಗ್ರಹವು ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದೆ. ಭಾರತೀಯ ಸಸ್ಯ ಸರ್ವೇಕ್ಷಣೆಯ ಕೇಂದ್ರೀಯ ರಾಷ್ಟ್ರೀಯ ಹರ್ಬೇರಿಯಂ ಹೌರಾದಲ್ಲಿದೆ.

4. ಅರ್ಜಿದಾರರ ಗಮನಕ್ಕೆ

(ಅ) ಪರಿಶೀಲನೆಯ ಉದ್ದೇಶ, ಪ್ರಭೇದದ ಹೆಸರು ಮತ್ತು ಭೇಟಿಯ ದಿನಾಂಕವನ್ನು ನಮೂದಿಸಿ ಸಂಗ್ರಹಾಲಯದ ಮುಖ್ಯಸ್ಥರಿಗೆ ಮುಂಚಿತವಾಗಿ ಲಿಖಿತ ಮನವಿ ಸಲ್ಲಿಸತಕ್ಕದ್ದು.

(ಆ) ಒಣಗಿದ ಕಲ್ಲುಹೂವು ಸುಲಭವಾಗಿ ಮುರಿಯುತ್ತದೆ. ಕಾಗದದ ಪೊಟ್ಟಣವನ್ನು ಮೇಜಿನ ಮೇಲಿಟ್ಟೇ ತೆರೆಯಬೇಕು. ಉದುರಿದ ಚೂರುಗಳನ್ನು ಅದೇ ಪೊಟ್ಟಣಕ್ಕೆ ಹಿಂದಿರುಗಿಸಬೇಕು.

(ಇ) ರಾಸಾಯನಿಕ ಅಥವಾ ಡಿ.ಎನ್.ಎ. ಪರೀಕ್ಷೆಗೆ ತೆಗೆದ ಚೂರು ಮರಳಿ ಬರುವುದಿಲ್ಲ. ಆದ್ದರಿಂದ ಇದಕ್ಕೆ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು.

(ಈ) ಜೈವಿಕ ವೈವಿಧ್ಯ ಅಧಿನಿಯಮ, 2002ರ 3ನೇ ಪ್ರಕರಣದ ಪ್ರಕಾರ ವಿದೇಶಿ ಪ್ರಜೆಗಳು ಸಂಶೋಧನೆಗಾಗಿ ಭಾರತದ ಜೈವಿಕ ಸಂಪನ್ಮೂಲ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮೋದನೆ ಅಗತ್ಯ.

(ಉ) ಹೊಸ ಪ್ರಭೇದ ಪತ್ತೆಯಾದಲ್ಲಿ, ಅದೇ ಅಧಿನಿಯಮದ 39ನೇ ಪ್ರಕರಣದಂತೆ ನಿಯೋಜಿತ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿ ಠೇವಣಿ ಇಡುವುದು ಕಡ್ಡಾಯ.

5. ವಿನಂತಿ

ಹಳೆಯ ಮಾದರಿಯೊಂದು ನಾಶವಾದರೆ, ಅದೇ ಸ್ಥಳದ ಅದೇ ಕಾಲದ ಮತ್ತೊಂದು ಮಾದರಿಯನ್ನು ಪಡೆಯಲು ಸಾಧ್ಯವಿಲ್ಲ. ಈ ಸಂಗ್ರಹಗಳ ರಕ್ಷಣೆಯಲ್ಲಿ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.