ಒಂದು ಫೋಟಾನಿಗೆ ಒಂದೇ ಜೋಡಿಯೆ? ಸಿಲಿಕಾನ್ ಸೌರಕೋಶದ ನೇರಳಾತೀತ ಸ್ಪಂದನೆಯ ಮರುಪರಿಶೀಲನೆ

ಸಿಲಿಕಾನ್ ಸೌರಕೋಶ ಯಾವ ತರಂಗಾಂತರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದರ ಸ್ಥೂಲ ಚಿತ್ರದಲ್ಲಿ ವಿವಾದವಿಲ್ಲ. ಸಿಲಿಕಾನಿನ ಶಕ್ತಿ ಅಂತರ 1.12 ಎಲೆಕ್ಟ್ರಾನ್ ವೋಲ್ಟ್. ಸುಮಾರು 1100 ನ್ಯಾನೋಮೀಟರಿಗಿಂತ ಉದ್ದದ ಅಲೆಗಳು ಬಹುಮಟ್ಟಿಗೆ ವ್ಯರ್ಥ. ನೀಲಿ ಬೆಳಕು ಮೇಲ್ಮೈಯಲ್ಲೇ ಹೀರಿಹೋಗುತ್ತದೆ. 1000 ನ್ಯಾನೋಮೀಟರಿನ ಅವಕೆಂಪು ನೂರಕ್ಕೂ ಹೆಚ್ಚು ಮೈಕ್ರೋಮೀಟರ್ ಆಳಕ್ಕಿಳಿಯುತ್ತದೆ.

ವಿವಾದವಿರುವುದು ವರ್ಣಪಟಲದ ಇನ್ನೊಂದು ತುದಿಯಲ್ಲಿ. ಒಂದು ಫೋಟಾನ್ ಒಂದೇ ಎಲೆಕ್ಟ್ರಾನ್-ರಂಧ್ರ ಜೋಡಿಯನ್ನು ಹುಟ್ಟಿಸುತ್ತದೆ, ಮಿಕ್ಕ ಶಕ್ತಿ ಶಾಖವಾಗುತ್ತದೆ ಎಂಬ ಗ್ರಹಿಕೆಯ ಮೇಲೆ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿ ಸುಮಾರು ಶೇ. 30ರ ದಕ್ಷತಾ ಮಿತಿಯನ್ನು ಗಣಿಸಿದರು. 1993ರಲ್ಲಿ ಕೊಲೊಡಿನ್‌ಸ್ಕಿ, ವೆರ್ನರ್, ವಿಟ್ಶೆನ್ ಅವರೊಡನೆ ಸ್ವತಃ ಕ್ವೈಸರ್, ಸಿಲಿಕಾನ್ ಕೋಶದಲ್ಲಿ ಒಂದನ್ನು ಮೀರಿದ ಆಂತರಿಕ ಕ್ವಾಂಟಮ್ ದಕ್ಷತೆಯನ್ನು ವರದಿ ಮಾಡಿದರು. ಅತಿಶಕ್ತಿಯ ಎಲೆಕ್ಟ್ರಾನೊಂದು ಇನ್ನೊಂದು ಜೋಡಿಯನ್ನು ಬಡಿದೆಬ್ಬಿಸುವ ಆಘಾತ ಅಯಾನೀಕರಣವೇ ಇದಕ್ಕೆ ಕಾರಣವೆಂದರು.

ಈ ಸಾಕ್ಷ್ಯಕ್ಕೆ ಒಂದು ಆಕ್ಷೇಪ ಸಾಧ್ಯವಿತ್ತು. ಆಂತರಿಕ ದಕ್ಷತೆ ನೇರ ಅಳತೆಯಲ್ಲ. ಪ್ರತಿಫಲಿತ ಬೆಳಕನ್ನು ಕಳೆದು ಭಾಗಿಸಿದ ಫಲ. ನೇರಳಾತೀತದಲ್ಲಿ ನಯವಾದ ಸಿಲಿಕಾನ್ ಅರ್ಧಕ್ಕೂ ಹೆಚ್ಚು ಬೆಳಕನ್ನು ಹಿಂದಿರುಗಿಸುವುದರಿಂದ ಆ ಅಳತೆಯ ಸಣ್ಣ ದೋಷವೂ ಫಲವನ್ನು ಉಬ್ಬಿಸಬಹುದು. ಆದರೆ 2020ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ತಂಡ ಕಪ್ಪು ಸಿಲಿಕಾನ್ ಫೋಟೋಡಯೋಡಿನಲ್ಲಿ ಶೇ. 130 ಮೀರಿದ ಬಾಹ್ಯ ದಕ್ಷತೆಯನ್ನು ತೋರಿಸಿತು. ಬಿದ್ದ ಫೋಟಾನುಗಳನ್ನೆಲ್ಲ ಲೆಕ್ಕಕ್ಕೆ ಹಿಡಿಯುವ ಈ ಅಳತೆಗೆ ಮೇಲಿನ ಆಕ್ಷೇಪ ತಗಲುವುದಿಲ್ಲ.

ಹಾಗಾದರೆ 1961ರ ಮಿತಿ ಮುರಿಯಿತೆ? ಕನಿಷ್ಠ ಭೂಮಿಯ ಮೇಲಿನ ಸಿಲಿಕಾನ್ ಫಲಕದ ಮಟ್ಟಿಗೆ ಇಲ್ಲವೆಂದೇ ನನ್ನ ವಾದ. ಮೊದಲನೆಯದಾಗಿ, ಶೇ. 130 ಎಂಬುದು ಎಣಿಕೆ, ಶಕ್ತಿಯಲ್ಲ. 200 ನ್ಯಾನೋಮೀಟರಿನ ಫೋಟಾನಿನ ಶಕ್ತಿ 6.2 ಎಲೆಕ್ಟ್ರಾನ್ ವೋಲ್ಟ್; ಅದರಿಂದ 1.3 ಜೋಡಿ ಹುಟ್ಟಿದರೂ, ಜೋಡಿಗೆ 1.12ರಂತೆ, ದಕ್ಕುವುದು ಹೆಚ್ಚೆಂದರೆ ಶೇ. 23.5. ಎರಡನೆಯದಾಗಿ, ಎರಡು ಜೋಡಿಗೆ 2.24 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 553 ನ್ಯಾನೋಮೀಟರಿನ ಹಸಿರು ಬೆಳಕೇ ಸಾಕೆಂದು ಕಾಗದದ ಲೆಕ್ಕ ಹೇಳಿದರೂ, ಸಂವೇಗ ಸಂರಕ್ಷಣೆ ಮತ್ತು ಫೋನಾನ್ ನಷ್ಟ ಆ ಹೊಸ್ತಿಲನ್ನು ನೇರಳಾತೀತಕ್ಕೆ ತಳ್ಳುತ್ತವೆ. ಅಲ್ಲಿ ಬಿಸಿಲೇ ವಿರಳ: 300 ನ್ಯಾನೋಮೀಟರಿಗಿಂತ ಕಿರಿದಾದುದನ್ನು ಓಜೋನ್ ತಡೆಯುತ್ತದೆ, ಉಳಿದುದರಲ್ಲಿ ಬಹುಪಾಲನ್ನು ಅನೇಕ ಫಲಕಗಳ ಹೊದಿಕೆ ಪದರವೇ ನುಂಗುತ್ತದೆ.

ಟೆಟ್ರಾಸೀನ್‌ನಂಥ ಸಾವಯವ ಪದರವೊಂದು ಈ ದ್ವಿಗುಣವನ್ನು ಗೋಚರ ಬೆಳಕಿಗೆ ಇಳಿಸಬಲ್ಲುದೆಂದು 2019ರ ಪ್ರಯೋಗ ಸೂಚಿಸಿದೆ. ಅದು ಬಾಳಿಕೆಯ ಫಲಕವಾದೀತೆ ಎಂಬುದು ಇನ್ನೂ ತೆರೆದ ಪ್ರಶ್ನೆ. ಅಲ್ಲಿಯವರೆಗೆ ‘ಒಂದಕ್ಕೆ ಒಂದು’ ಎಂಬುದನ್ನು ನಿಸರ್ಗ ನಿಯಮವೆನ್ನದೆ, ಸಿಲಿಕಾನ್ ಮತ್ತು ಬಿಸಿಲಿನ ಜೋಡಣೆಗೆ ಒಪ್ಪುವ ಉತ್ತಮ ಅಂದಾಜೆನ್ನುವುದೇ ಸರಿ.