ನೆಲ ಬಿಟ್ಟವರು ಮರಳುವುದು ಯಾವಾಗ?

ಜ್ವಾಲಾಮುಖಿ ಸಿಡಿದರೆ ದ್ವೀಪದ ಜನ ಊರು ಬಿಡುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹಾಗೆ ಹೋದವರಲ್ಲಿ ಕೆಲವರು ಮರಳಿದರು, ಕೆಲವರು ಮರಳಲೇ ಇಲ್ಲ. ಇದಕ್ಕೆ ಕಾರಣವೇನೆಂದು ತಿಳಿದರೆ, ಬೆಂಕಿಬೆಟ್ಟವನ್ನು ಎಂದೂ ಕಾಣದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಸಂಕಟವೂ ಅರ್ಥವಾಗುತ್ತದೆ.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಟ್ರಿಸ್ಟನ್ ಡ ಕೂನ್ಯ ಎಂಬ ಪುಟ್ಟ ದ್ವೀಪವಿದೆ. 1961ರ ಅಕ್ಟೋಬರ್‌ನಲ್ಲಿ ಅಲ್ಲಿನ ಏಕೈಕ ಹಳ್ಳಿಯ ಪಕ್ಕದಲ್ಲೇ ನೆಲ ಬಿರಿದು ಲಾವಾ ಹರಿಯಿತು. ದ್ವೀಪದ ಎಲ್ಲ ಜನರನ್ನೂ, ಅಂದರೆ ಸುಮಾರು 260 ಮಂದಿಯನ್ನು, ಇಂಗ್ಲೆಂಡಿಗೆ ಸಾಗಿಸಲಾಯಿತು. ಅಲ್ಲಿ ಮನೆ, ಕೆಲಸ, ಶಾಲೆ ಎಲ್ಲವೂ ಸಿಕ್ಕವು. ಆದರೂ 1963ರಲ್ಲಿ ಬಹುತೇಕ ಎಲ್ಲರೂ ದ್ವೀಪಕ್ಕೆ ಹಿಂದಿರುಗಿದರು. ಮೀನಿನ ಕಾರ್ಖಾನೆ ನಾಶವಾಗಿತ್ತು ನಿಜ. ಆದರೆ ಮನೆಗಳೂ ಆಲೂಗಡ್ಡೆಯ ಹೊಲಗಳೂ ಉಳಿದಿದ್ದವು.

ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪದ ಕಥೆ ಬೇರೆ. 1995ರ ಜುಲೈಯಲ್ಲಿ ಎಚ್ಚರಗೊಂಡ ಜ್ವಾಲಾಮುಖಿ ವರ್ಷಗಟ್ಟಲೆ ಸುಮ್ಮನಾಗಲಿಲ್ಲ. 1997ರ ಜೂನ್ 25ರಂದು 19 ಮಂದಿ ಸತ್ತರು. ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ಬೇಸಾಯದ ಒಳ್ಳೆಯ ಭೂಮಿ, ಬಂದರು, ವಿಮಾನ ನಿಲ್ದಾಣ ಎಲ್ಲವೂ ಕೈಬಿಟ್ಟವು. ಜನರಲ್ಲಿ ಮೂರನೇ ಎರಡರಷ್ಟು ಮಂದಿ ದ್ವೀಪ ತೊರೆದರು. ಬಹುಪಾಲು ಮಂದಿ ಮರಳಿಲ್ಲ. ಓಡಿಸಿದ್ದು ಎರಡು ಕಡೆಯೂ ಬೆಂಕಿಯೇ. ಮರಳುವಿಕೆಯನ್ನು ನಿರ್ಧರಿಸಿದ್ದು ಮಾತ್ರ ಉಳಿದ ನೆಲ.

ನಮ್ಮ ಬಯಲುಸೀಮೆಯಲ್ಲಿ ಜ್ವಾಲಾಮುಖಿಯ ಕೆಲಸವನ್ನು ಬರ ಮಾಡಿದೆ. 1876-78ರ ಮಹಾಕ್ಷಾಮದಲ್ಲಿ ಮಳೆ ಕೈಕೊಟ್ಟು ಕೆರೆಗಳು ಬತ್ತಿದವು, ದನಕರುಗಳು ಸತ್ತವು. ಹಸಿದ ಜನ ಗುಂಪುಗುಂಪಾಗಿ ಬೆಂಗಳೂರಿನ ಗಂಜಿಕೇಂದ್ರಗಳತ್ತ ನಡೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412 ಇತ್ತು. 1881ರಲ್ಲಿ ಅದು 41,86,188ಕ್ಕೆ ಇಳಿಯಿತು. ಈ ಇಳಿಕೆಗೆ ಮುಖ್ಯ ಕಾರಣ ಸಾವು. ಬದುಕುಳಿದವರಿಗೆ ಮಳೆ ಬಂದ ಮೇಲೆ ಹೊಲವೇನೋ ಇತ್ತು. ಆದರೆ ಉಳಲು ಎತ್ತು, ಬಿತ್ತಲು ಬೀಜ ಎಲ್ಲಿಂದ ತರಬೇಕು?

ಕ್ಷಾಮದ ಪಾಠದಿಂದ ರೈಲು ಬಂತು. 1884ರಲ್ಲಿ ತುಮಕೂರಿಗೆ ತಲುಪಿದ ಹಳಿ, 1889ರ ಹೊತ್ತಿಗೆ ತಿಪಟೂರು, ಅರಸೀಕೆರೆಗಳನ್ನು ದಾಟಿ ಹರಿಹರ ಮುಟ್ಟಿತು. ಬರ ಬಿದ್ದಾಗ ಧಾನ್ಯ ತರಿಸಲು ಹಾಕಿದ ಈ ದಾರಿ ತಿಪಟೂರಿನ ಕೊಬ್ಬರಿಗೆ ದೂರದ ಮಾರುಕಟ್ಟೆಗಳನ್ನೂ ತೆರೆಯಿತು.

ತೆಂಗು ಬೆಳೆದವನ ಕಷ್ಟ ರಾಗಿ ಬೆಳೆದವನ ಕಷ್ಟಕ್ಕಿಂತ ಬೇರೆ. ರಾಗಿ ಹೋದರೆ ಒಂದು ವರ್ಷ ಹೋಯಿತು. ಮುಂದಿನ ಮಳೆಗೆ ಮತ್ತೆ ಬಿತ್ತಬಹುದು. ತಿಪಟೂರು ಟಾಲ್ ತಳಿಯ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಕೊಟ್ಟ ಕಾಯಿಯನ್ನೂ ಉಂಡೆಕೊಬ್ಬರಿ ಮಾಡಬೇಕಾದರೆ ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಒಣಗಿಸಬೇಕು. ತಾತ ನೆಟ್ಟ ಮರದಿಂದ ಮೊಮ್ಮಗ ಉಣ್ಣುತ್ತಾನೆ. ಇಂಥ ಮರಗಳು ನಿಂತಲ್ಲೇ ಒಣಗಿದರೆ ಒಂದು ಮನೆತನದ ಕಸುಬೇ ಕುಸಿಯುತ್ತದೆ. 2012ರ ನಂತರದ ಬರದ ವರ್ಷಗಳಲ್ಲಿ ಈ ಸೀಮೆಯಲ್ಲಿ ನಡೆದದ್ದು ಅದೇ. ಕೆರೆ ಒಣಗಿತು, ಕೊಳವೆಬಾವಿಯ ನೀರು ಪಾತಾಳಕ್ಕಿಳಿಯಿತು, ಸುಳಿ ಬಾಡಿ ಮರಗಳು ಬೋಳಾದವು. ಇಂಥ ಹೊತ್ತಿನಲ್ಲಿ ಮನೆಯ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅದನ್ನು ಯಾರೂ ಸ್ಥಳಾಂತರ ಎಂದು ಕರೆಯುವುದಿಲ್ಲ. ಅವರನ್ನು ಕರೆದೊಯ್ಯಲು ಯಾವ ಹಡಗೂ ಬರುವುದಿಲ್ಲ.

ಲಾವಾ ಹರಿದರೆ ಜಗತ್ತು ನೋಡುತ್ತದೆ. ತೆಂಗು ಒಣಗುವುದು ತೋಟದ ಒಡೆಯನಿಗೆ ಮಾತ್ರ ಕಾಣುತ್ತದೆ. ಬರಗಾಲದ ಪರಿಹಾರ ಸಾಮಾನ್ಯವಾಗಿ ಒಂದು ವರ್ಷದ ಲೆಕ್ಕದಲ್ಲಿ ಮುಗಿಯುತ್ತದೆ. ಆದರೆ ಹೊಸ ಸಸಿ ಫಲ ಕೊಡುವ ತನಕ ಆ ಸಂಸಾರ ಏನು ತಿನ್ನಬೇಕು? ಕೆರೆಯ ಹೂಳು ತೆಗೆದು ನೀರು ನಿಲ್ಲಿಸುವುದು, ಸಸಿ ಬೆಳೆಯುವಷ್ಟು ವರ್ಷ ರೈತನ ಕೈ ಹಿಡಿಯುವುದು, ಇವೆರಡೂ ಆಗದಿದ್ದರೆ ಪರಿಹಾರದ ಹಣ ಪ್ರಯಾಣದ ಖರ್ಚಾಗುತ್ತದೆ ಅಷ್ಟೆ. ಟ್ರಿಸ್ಟನ್ನಿನ ಜನರಿಗೆ ಮರಳಲು ಹೊಲ ಇತ್ತು. ನಮ್ಮ ಹುಡುಗರು ಮರಳುವ ಹೊತ್ತಿಗೆ ತೋಟ ಉಳಿದಿರುವುದೇ?